ಅಳಲೂ ಬಿಡದ ಸಾಂತ್ವನ

1873ರ ನವೆಂಬರ್ 22ರಂದು ಅಟ್ಲಾಂಟಿಕ್ ಸಾಗರದ ನಡುವೆ ‘ವಿಲ್ ದು ಹಾವ್ರ್’ ಎಂಬ ಫ್ರೆಂಚ್ ಹಡಗು ‘ಲಾಕ್ ಅರ್ನ್’ ಎಂಬ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಕಾಲು ಗಂಟೆಯೊಳಗೆ ಮುಳುಗಿತು. ಸತ್ತವರು 226 ಮಂದಿ. ಅವರಲ್ಲಿ ಶಿಕಾಗೊದ ವಕೀಲ ಹೊರೇಷಿಯೊ ಸ್ಪಾಫರ್ಡ್‌ನ ನಾಲ್ವರು ಹೆಣ್ಣುಮಕ್ಕಳೂ ಇದ್ದರು. ಬದುಕುಳಿದ ಹೆಂಡತಿ ಅನ್ನಾ ವೇಲ್ಸ್‌ನ ಕಾರ್ಡಿಫ್ ತಲುಪಿ, ತಾನೊಬ್ಬಳೇ ಉಳಿದೆನೆಂದು ತಂತಿ ಕಳಿಸಿದಳು. ಅದಕ್ಕೆ ಎರಡೇ ವರ್ಷ ಹಿಂದೆ ಶಿಕಾಗೊ ನಗರವನ್ನು ಸುಟ್ಟ ಬೆಂಕಿಯಲ್ಲಿ ಸ್ಪಾಫರ್ಡ್ ಆಸ್ತಿಯನ್ನೂ ಕಳೆದುಕೊಂಡಿದ್ದ. ಈ ದುಃಖದಿಂದ ಬಂದ ‘ಇಟ್ ಈಸ್ ವೆಲ್ ವಿತ್ ಮೈ ಸೋಲ್’ ಎಂಬ ಕೀರ್ತನೆಯನ್ನು ಇಂದಿಗೂ ಲೋಕದ ಸಭೆಗಳೆಲ್ಲ ಹಾಡುತ್ತವೆ.

ಹತ್ತೊಂಬತ್ತನೆಯ ಶತಮಾನದ ಇವಾಂಜೆಲಿಕಲ್ ಪರಂಪರೆಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು. ಏಕಾಏಕಿ ಎರಗಿದ ನಷ್ಟ, ಅಲುಗದ ನಂಬಿಕೆ, ಒಡನೆಯೇ ಸ್ತುತಿ. ಪ್ರಸಂಗಪೀಠದಿಂದ ಹೇಳುವ ಕಥೆಯಲ್ಲಿ ಸ್ಪಾಫರ್ಡ್ ಹೆಂಡತಿಯನ್ನು ಕರೆತರಲು ಹಡಗು ಹತ್ತುತ್ತಾನೆ, ಮಕ್ಕಳು ಮುಳುಗಿದ ಜಾಗವನ್ನು ಕಪ್ತಾನ ತೋರಿಸುತ್ತಾನೆ, ಅಲ್ಲೇ ಹಾಡು ಹುಟ್ಟುತ್ತದೆ. ದುರಂತದ ನಂತರ ಹುಟ್ಟಿದ ಮಗಳು ಬರ್ತಾ 1950ರಲ್ಲಿ ತಂದ ‘ಅವರ್ ಜೆರುಸಲೇಮ್’ ಹೇಳುವುದೂ ಹೀಗೆಯೇ. ಆದರೆ ಸುವಾರ್ತಾ ಗಾಯಕ ಐರಾ ಸ್ಯಾಂಕಿಯ ನೆನಪು ಬೇರೆ: 1876ರಲ್ಲಿ ತಾನು ಸ್ಪಾಫರ್ಡ್ ಮನೆಯಲ್ಲಿ ಅತಿಥಿಯಾಗಿದ್ದಾಗ ಆತ ಇದನ್ನು ಬರೆದ ಎನ್ನುತ್ತಾನೆ. ಫಿಲಿಪ್ ಬ್ಲಿಸ್ ರಾಗ ಹಾಕಿದ ಹಾಡು ಅಚ್ಚಾದದ್ದೂ ಅದೇ ವರ್ಷ. ಸ್ಯಾಂಕಿ ಹೇಳುವುದೇ ನಿಜವಾದರೆ, ಈ ಹಾಡಿನ ಹಿಂದೆ ಎರಡು ವರ್ಷಕ್ಕೂ ಮಿಕ್ಕಿದ ಮೌನವಿದೆ. ಕಥೆ ಹೇಳುವವರಿಗೆ ಆ ಮೌನ ಬೇಕಿಲ್ಲ. ಕೆಲವೇ ವಾರಗಳಲ್ಲಿ ತಂದೆ ಹಾಡಿಬಿಡಬೇಕು.

ಕಥೆ ನಿಲ್ಲುವ ಜಾಗವನ್ನೂ ಗಮನಿಸಬೇಕು. 1880ರಲ್ಲಿ ಸ್ಪಾಫರ್ಡ್ ದಂಪತಿಯ ಎಳೆಯ ಮಗ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡ. ಇಷ್ಟೊಂದು ಶಿಕ್ಷೆಗೆ ಇವರು ಮಾಡಿದ ಪಾಪವಾದರೂ ಏನು ಎಂದು ಸ್ವಂತ ಸಭೆಯವರೇ ಆಡಿಕೊಂಡರೆಂದು ಬರ್ತಾ ಬರೆದಿದ್ದಾಳೆ. ಸ್ಪಾಫರ್ಡ್ ಪ್ರೆಸ್ಬಿಟೇರಿಯನ್ ಸಭೆಯನ್ನು ಬಿಟ್ಟ; 1881ರಲ್ಲಿ ಸಣ್ಣದೊಂದು ಗುಂಪಿನೊಡನೆ ಜೆರುಸಲೇಮಿಗೆ ಹೋಗಿ ನೆಲೆಸಿ, 1888ರಲ್ಲಿ ಅಲ್ಲೇ ತೀರಿಕೊಂಡ. ‘ಅಮೆರಿಕನ್ ಕಾಲನಿ’ ಎಂದು ಹೆಸರಾದ ಆ ಗುಂಪು ಮೊದಲ ಮಹಾಯುದ್ಧದ ಕಾಲದಲ್ಲಿ ಹಸಿದವರಿಗೆ ಗಂಜಿ ಬಡಿಸಿತು. ಅದೇ ಗುಂಪಿನ ಕಟ್ಟಳೆಗಳು, ಕ್ರಿಸ್ತನ ಎರಡನೇ ಬರೋಣದ ಕುರಿತ ಅದರ ನಿರೀಕ್ಷೆ ವಿವಾದವನ್ನೂ ಎಬ್ಬಿಸಿದವು. ನಂಬಿದವನ ಬದುಕು ಹೀಗೆ ಅಂಕುಡೊಂಕು. ಅದರಿಂದ ಹಾಡು ಸುಳ್ಳಾಗುವುದಿಲ್ಲ. ಹಾಡಿದವನನ್ನೇ ಸಭೆ ತನ್ನೊಳಗೆ ಉಳಿಸಿಕೊಳ್ಳಲಾರದೆ ಹೋಯಿತು ಎಂಬುದನ್ನು ಮಾತ್ರ ಮರೆಯಲಾಗದು.

ನನ್ನ ತಕರಾರು ನಂಬಿಕೆಯ ಮೇಲಲ್ಲ, ಅದರ ಅವಸರದ ಮೇಲೆ. ಸಾವಿನ ಮನೆಯಲ್ಲಿ ‘ದೇವರ ಚಿತ್ತ’ ಎಂಬ ಮಾತು ಹೆಣ ಎತ್ತುವ ಮೊದಲೇ ಬಂದುಬಿಡುತ್ತದೆ. ಹೇಳಿದವರಿಗೆ ಅದರಿಂದ ನಿರಾಳ. ಕೇಳಿಸಿಕೊಂಡ ತಾಯಿಗೆ ಇನ್ನು ಅಳುವುದೂ ಅವಿಶ್ವಾಸವೇ ಎಂಬ ಅಳುಕು. ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳುವ ಕ್ರಮವನ್ನೇ ನೋಡಿ: ಕಷ್ಟ ಬಂತು, ಪ್ರಾರ್ಥಿಸಿದೆವು, ಕರ್ತನು ಬಿಡಿಸಿದನು. ಮೈಕು ಹಿಡಿದು ‘ಕರ್ತನು ಬಿಡಿಸಲಿಲ್ಲ, ಯಾಕೆಂದು ಇನ್ನೂ ಕೇಳುತ್ತಿದ್ದೇನೆ’ ಎಂದವರನ್ನು ನಾನಂತೂ ಕಂಡಿಲ್ಲ. ನಂಬಿದರೆ ಸಮೃದ್ಧಿ ಖಚಿತ ಎನ್ನುವ ಹೊಸ ಬೋಧಕರ ವಿಷಯ ಬಿಡಿ, ಅವರಲ್ಲಿ ದುಃಖಕ್ಕೆ ಕುರ್ಚಿಯನ್ನೇ ಹಾಕಿಲ್ಲ.

ಬೈಬಲ್ ಮಾತ್ರ ಇಷ್ಟು ಅವಸರದ ಗ್ರಂಥವಲ್ಲ. ಯೋಬನೆಂದರೆ ತಾಳ್ಮೆಯೆಂದು ಎಲ್ಲರಿಗೂ ಬಾಯಿಪಾಠ. ಆ ತಾಳ್ಮೆಯ ಯೋಬ ಇರುವುದು ಮೊದಲ ಎರಡು ಅಧ್ಯಾಯಗಳಲ್ಲಿ. ಮೂರನೆಯದರಲ್ಲಿ ಆತ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಆಮೇಲೆ ಅಧ್ಯಾಯ ಅಧ್ಯಾಯ ದೇವರೊಡನೆ ವ್ಯಾಜ್ಯ. ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ದೇವರ ಪರವಾಗಿ ಒಪ್ಪವಾದ ದೇವತಾಶಾಸ್ತ್ರವನ್ನೇ ಮಂಡಿಸುತ್ತಾರೆ. ಕೊನೆಯ, ಅಂದರೆ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಯೋಬನ ಮೇಲಲ್ಲ, ತನ್ನ ಪರ ವಕಾಲತ್ತು ಮಾಡಿದ ಈ ಮೂವರ ಮೇಲೆ. ಬೈಬಲಿನ ಕೀರ್ತನೆಗಳ ಪುಸ್ತಕದ 150 ಕೀರ್ತನೆಗಳಲ್ಲೂ ಸುಮಾರು ಮೂರನೇ ಒಂದು ಭಾಗ ಗೋಳಾಟ. ಹೆಚ್ಚಿನವು ಕೊನೆಗೆ ಸ್ತುತಿಗೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಶಿಲುಬೆಯ ಮೇಲೆ ಯೇಸುವಿನ ಬಾಯಿಗೆ ಬಂದದ್ದೂ 22ನೇ ಕೀರ್ತನೆಯ ಮೊದಲ ಪ್ರಶ್ನೆ: ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?’ ಆ ಪ್ರಶ್ನೆ ದೇವರನ್ನು ಬಿಟ್ಟವನದ್ದಲ್ಲ, ದೇವರನ್ನೇ ಹಿಡಿದು ಕೇಳುವವನದ್ದು.

ಇಪ್ಪತ್ತನೆಯ ಶತಮಾನದಲ್ಲಿ ಈ ಹಳೆಯ ದನಿ ಕೆಲವರ ಬರಹದಲ್ಲಿ ಮರಳಿತು. ಕ್ರೈಸ್ತ ಲೇಖಕ ಸಿ.ಎಸ್. ಲೂಯಿಸ್ 1940ರಲ್ಲಿ ‘ದ ಪ್ರಾಬ್ಲಮ್ ಆಫ್ ಪೇನ್’ ಬರೆದಾಗ ನೋವಿನ ಲೆಕ್ಕ ಚೊಕ್ಕವಾಗಿತ್ತು. 1960ರಲ್ಲಿ ಹೆಂಡತಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡಳು. ಮರುವರ್ಷ ಬಂದ ‘ಎ ಗ್ರೀಫ್ ಅಬ್ಸರ್ವ್ಡ್’ನಲ್ಲಿ ಆ ಲೆಕ್ಕ ಕಾಣೆ, ಅದನ್ನು ಲೂಯಿಸ್ ಎನ್.ಡಬ್ಲ್ಯೂ. ಕ್ಲರ್ಕ್ ಎಂಬ ಹೆಸರಿನ ಮರೆಯಲ್ಲಿ ಪ್ರಕಟಿಸಿದ. ನಂಬಿಕೆಯನ್ನು ಸಮರ್ಥಿಸಲು ಸ್ವಂತ ಹೆಸರು ಸಾಕಿತ್ತು, ಅಳಲು ಇನ್ನೊಂದು ಹೆಸರು ಬೇಕಾಯಿತು! ತತ್ವಜ್ಞಾನಿ ನಿಕೊಲಸ್ ವೋಲ್ಟರ್ಸ್ಟಾರ್ಫ್, ಪರ್ವತಾರೋಹಣದಲ್ಲಿ ಸತ್ತ ಮಗನಿಗಾಗಿ 1987ರಲ್ಲಿ ‘ಲಮೆಂಟ್ ಫಾರ್ ಎ ಸನ್’ ತಂದಾಗ ಆ ಮರೆಯೂ ಬೇಕಾಗಲಿಲ್ಲ. ಎರಡೂ ಪುಸ್ತಕಗಳು ನಂಬಿಕೆಯನ್ನು ಕೈಬಿಡುವುದಿಲ್ಲ, ಉತ್ತರ ಸಿಕ್ಕಿತೆಂದು ನಟಿಸುವುದೂ ಇಲ್ಲ. ಸ್ಪಾಫರ್ಡ್ ಹಾಡಿಗಿಂತ ಇವು ನನಗೆ ದೊಡ್ಡವು ಎನಿಸುವುದು ಇದಕ್ಕೇ.

ಹಾಗೆಂದು ಹಾಡನ್ನು ತಳ್ಳಿಹಾಕುವಂತಿಲ್ಲ. ಪುಸ್ತಕವನ್ನು ಒಬ್ಬರೇ ಕೂತು ಓದಬೇಕು, ಹಾಡನ್ನು ಸಭೆಯೇ ಎತ್ತಿಕೊಳ್ಳುತ್ತದೆ. ಗಂಟಲು ಕಟ್ಟಿದವಳ ಪಾಲಿನ ಸಾಲನ್ನು ಪಕ್ಕದ ಬೆಂಚಿನವರು ಹಾಡುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಜರ್ಮನ್ ಕೀರ್ತನೆಗಳನ್ನು ಕನ್ನಡಕ್ಕೆ ತಂದಾಗ ನಮ್ಮ ಸಭೆಗಳಿಗೆ ಸಿಕ್ಕಿದ್ದು ಈ ಆಸರೆಯೇ. ಆದರೆ ಭರವಸೆಯ ಹಾಡುಗಳು ನಾಲಿಗೆಯ ಮೇಲೆ ನಿಂತಂತೆ ಗೋಳಿನ ಕೀರ್ತನೆಗಳು ನಿಲ್ಲಲಿಲ್ಲ. ಪ್ರಲಾಪಗಳು ಎಂಬ ಪುಸ್ತಕ ಬೈಬಲಿನಲ್ಲಿ ಹೆಚ್ಚಾಗಿ ಮಡಿಕೆ ಬೀಳದ ಹಾಳೆಗಳಲ್ಲೇ ಉಳಿದಿದೆ.

ಸಭಾಪಾಲಕರಲ್ಲಿ ಒಂದು ಕೋರಿಕೆ. ಮುಂದಿನ ಬಾರಿ ಸಾವಿನ ಮನೆಗೆ ಹೋದಾಗ 88ನೇ ಕೀರ್ತನೆಯನ್ನು ಪೂರ್ತಿ ಓದಿ, ಬೈಬಲ್ ಮುಚ್ಚಿ, ಅದರ ಮೇಲೆ ಪ್ರಸಂಗ ಮಾಡದೆ ಕುಳಿತುಕೊಳ್ಳಿ. ಸ್ಪಾಫರ್ಡ್ ಕಥೆ ಹೇಳಲೇಬೇಕಿದ್ದರೆ 1880ರವರೆಗೂ ಹೇಳಿ.