ಒಟ್ರಾಂಟೊದ ನೆಲದಲ್ಲೊಂದು ಮರ

ಇಟಲಿಯನ್ನು ಬೂಟಿಗೆ ಹೋಲಿಸುತ್ತಾರಲ್ಲ, ಅದರ ಹಿಮ್ಮಡಿಯ ಜಾಗದಲ್ಲಿದೆ ಪುಲಿಯಾ. ಇಲ್ಲಿನ ಟಾರಾಂಟೊ ನಗರವನ್ನು ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಕಟ್ಟಿದವರು ಸ್ಪಾರ್ಟಾದ ಗ್ರೀಕರು. ರೋಮಿನಿಂದ ಹೊರಟ ಆಪ್ಪಿಯನ್ ಹೆದ್ದಾರಿ ಬ್ರಿಂಡಿಸಿ ಬಂದರಿನಲ್ಲಿ ಕೊನೆಯಾಗುತ್ತಿತ್ತು. ಆಮೇಲೆ ಬೈಜಾಂಟಿಯಂನವರು ಆಳಿದರು, ಅವರನ್ನು ನಾರ್ಮನ್ನರು ಓಡಿಸಿದರು. ಇಷ್ಟೆಲ್ಲ ಚರಿತ್ರೆಯ ರುಚಿ ಒಂದೇ ಸೂರಿನಡಿ ಸಿಗಬೇಕೆಂದರೆ ಪೂರ್ವದ ತುದಿಯಲ್ಲಿರುವ ಒಟ್ರಾಂಟೊಗೆ ಹೋಗಬೇಕು. ಆಕಾಶ ತಿಳಿಯಾಗಿದ್ದ ದಿನ ಅಲ್ಲಿಂದ ಸಮುದ್ರದಾಚೆಗೆ ಅಲ್ಬೇನಿಯಾದ ಬೆಟ್ಟಗಳು ಕಾಣುತ್ತವೆ.

ಅಲ್ಲಿನ ಕೆಥೆಡ್ರಲ್‌ನ ಇಡೀ ನೆಲವೇ ಒಂದು ಚಿತ್ರ. 1163ರಿಂದ 1165ರವರೆಗೆ ಪಾಂಟಲಿಯೋನೆ ಎಂಬ ಸನ್ಯಾಸಿಯ ನೇತೃತ್ವದಲ್ಲಿ ಸಿದ್ಧವಾದ ಮೊಸಾಯಿಕ್ ಅದು. ಮುಖ್ಯ ಬಾಗಿಲಿನ ಬಳಿ ಎರಡು ಆನೆಗಳು ನಿಂತಿವೆ. ಅವುಗಳ ಬೆನ್ನ ಮೇಲಿಂದ ಎದ್ದ ಮರವೊಂದು ಬಲಿಪೀಠದ ಕಡೆಗೆ ಬೆಳೆಯುತ್ತಾ ಹೋಗುತ್ತದೆ. ಕೊಂಬೆಕೊಂಬೆಯಲ್ಲೂ ಕಥೆ: ನೋಹನ ನಾವೆ, ಬಾಬೆಲ್ ಗೋಪುರ, ರೆಕ್ಕೆಯ ಮೃಗಗಳ ನಡುವೆ ಕೂತು ಆಕಾಶಕ್ಕೇರುವ ಅಲೆಕ್ಸಾಂಡರ್. ಆಡಿನಂಥ ಪ್ರಾಣಿಯನ್ನೇರಿದ ದೊರೆಯೊಬ್ಬನ ಪಕ್ಕದಲ್ಲಿ ಅವನ ಹೆಸರನ್ನೂ ಕಲ್ಲಿನಲ್ಲೇ ಜೋಡಿಸಿದ್ದಾರೆ, ಅವನು ಆರ್ಥರ್. ದೂರದ ಬ್ರಿಟನ್ನಿನ ಆ ಕಥಾನಾಯಕ ಗ್ರೀಕ್ ಮಾತಾಡುವ ಈ ಕಡಲತೀರಕ್ಕೆ ಬಂದದ್ದು ಬಹುಶಃ ನಾರ್ಮನ್ನರ ಜೊತೆಯಲ್ಲೇ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹನ್ನೆರಡು ತಿಂಗಳುಗಳ ವೃತ್ತಗಳು. ಒಂದೊಂದರಲ್ಲೂ ಒಂದು ರಾಶಿ, ಜೊತೆಗೆ ಆ ತಿಂಗಳ ದುಡಿಮೆ. ಗೋಧಿ ಕೊಯ್ಯುವವನಿದ್ದಾನೆ, ದ್ರಾಕ್ಷಿ ತುಳಿಯುವವನಿದ್ದಾನೆ. ರಾಜ, ಪ್ರವಾದಿಗಳಿಗೆ ಕೊಟ್ಟಷ್ಟೇ ಜಾಗವನ್ನು, ಅಷ್ಟೇ ಅಕ್ಕರೆಯನ್ನು ರೈತನಿಗೂ ಕೊಟ್ಟ ಕೈ ಅದು. ಅದೇ ಶತಮಾನದಲ್ಲಿ ನಾರ್ಮನ್ನರ ಅದೇ ರಾಜ್ಯದ ಪಾಲೆರ್ಮೊದಲ್ಲಿ ಚಿನ್ನದ ಗಾಜಿನ ಮೊಸಾಯಿಕ್‌ಗಳು ಗೋಡೆಗಳಲ್ಲಿ ಝಗಝಗಿಸುತ್ತಿದ್ದವು. ಒಟ್ರಾಂಟೊದಲ್ಲಿ ಬಳಸಿದ್ದು ಹೆಚ್ಚಾಗಿ ಸುತ್ತಲಿನ ಸುಣ್ಣಕಲ್ಲನ್ನೇ. ಮಾಸಲು ಬಿಳಿ, ಕಂದು, ಇಟ್ಟಿಗೆಗೆಂಪು. ಗೆರೆಗಳು ಒರಟು, ಆಕೃತಿಗಳ ಅಳತೆಯೂ ಹೆಚ್ಚುಕಮ್ಮಿ. ಆದರೂ ಪಾಲೆರ್ಮೊದ ಹೊಳಪಿನಲ್ಲಿ ಸಿಗದ ಜೀವಂತಿಕೆ ಈ ಒರಟುತನದಲ್ಲಿದೆ. ಭಕ್ತರು ನಡೆದಾಡಲೆಂದೇ ಹಾಸಿದ ನೆಲವಲ್ಲವೇ!

1480ರಲ್ಲಿ ಆಟೊಮನ್ ಸೇನೆ ಊರನ್ನು ಗೆದ್ದು ಸುಮಾರು 800 ಜನರನ್ನು ಕೊಂದಿತು. ಅವರ ತಲೆಬುರುಡೆಗಳನ್ನು ಇದೇ ಕೆಥೆಡ್ರಲ್‌ನ ಪಕ್ಕದ ಗುಡಿಯಲ್ಲಿ, ಗಾಜಿನ ಹಿಂದೆ ಸಾಲಾಗಿ ಇಟ್ಟಿದ್ದಾರೆ. ಅಲ್ಲಿ ನಿಂತು ಮರಳಿ ಬಂದಾಗ ನೆಲದ ಆ ಕೊಯ್ಲುಗಾರನ ಮುಖ ಬೇರೆಯೇ ಆಗಿ ಕಾಣುತ್ತದೆ. ಇಷ್ಟೆಲ್ಲ ಕಂಡೂ ಆ ಮೊಸಾಯಿಕ್ ಬಹುಪಾಲು ಉಳಿದುಬಂದಿದೆ.

ಪುಲಿಯಾದಲ್ಲಿ ನೋಡುವುದಕ್ಕೆ ಇನ್ನೂ ಬೇಕಾದಷ್ಟಿದೆ. ಚಕ್ರವರ್ತಿ ಎರಡನೆಯ ಫ್ರೆಡರಿಕ್‌ನ ಎಂಟು ಮೂಲೆಯ ಕೋಟೆ ಕಾಸ್ಟೆಲ್ ದೆಲ್ ಮೊಂತೆ, ಆಲ್ಬೆರೊಬೆಲ್ಲೊದ ಶಂಕುಚಾವಣಿಯ ಮನೆಗಳು. ಲೆಚೆ ನಗರದ ಮೆತ್ತನೆಯ ಜೇನುಬಣ್ಣದ ಕಲ್ಲಿನಲ್ಲಿ ಕಡೆದ ಸಾಂತಾ ಕ್ರೋಚೆ ಚರ್ಚಿನ ಮುಂಭಾಗವಂತೂ ಕುಸುರಿಯ ಹಬ್ಬ. 1549ರಲ್ಲಿ ಶುರುವಾದ ಆ ಚರ್ಚಿನ ಕೆಲಸ ಮುಗಿದದ್ದು 1695ಕ್ಕೆ. ಪ್ರವಾಸಿಗರು ಹೆಚ್ಚಾಗಿ ಅಲ್ಲಿಯೇ ನಿಂತುಬಿಡುತ್ತಾರೆ. ಲೆಚೆಯಿಂದ ಒಟ್ರಾಂಟೊ 50 ಕಿ.ಮೀ. ಕೂಡ ಇಲ್ಲ. ಒಂದು ಬೆಳಗನ್ನು ಅದಕ್ಕೆಂದೇ ಎತ್ತಿಡಿ. ಮುಖ್ಯ ಬಾಗಿಲಿನಿಂದಲೇ ಶುರುಮಾಡಿ, ಮರ ಬೆಳೆದ ದಿಕ್ಕಿಗೇ ನಿಧಾನವಾಗಿ ನಡೆಯಿರಿ.