ತಾರಸಿಯ ಟೊಮೆಟೊ: ಔಷಧಿ ಹೊಡೆಯುವ ಮುನ್ನ ಎಲೆ ಮಗುಚಿ

2023ರ ಜುಲೈಯಲ್ಲಿ ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿದಾಗ, ಮನೆಯಲ್ಲೇ ನಾಲ್ಕು ಗಿಡ ಇದ್ದಿದ್ದರೆ ಎಂದುಕೊಂಡವರು ಕಡಿಮೆಯೇನಲ್ಲ. ಕೆಲವರು ಕುಂಡ ತಂದು ಸಸಿ ನೆಟ್ಟೂಬಿಟ್ಟರು. ಒಳ್ಳೆಯದೇ ಆಯಿತು. ಟೊಮೆಟೊ ಹುಟ್ಟುವುದಕ್ಕೆ ಹಟ ಮಾಡದ ಗಿಡ. ಕೊಳೆತ ಹಣ್ಣು ಎಸೆದ ಕಡೆಯೂ ಸಸಿ ಏಳುತ್ತದೆ. ಅದನ್ನು ಹಣ್ಣಾಗುವ ತನಕ ಕಾಪಾಡುವುದು ಮಾತ್ರ ಬೇರೆಯೇ ಕೆಲಸ. ತಾರಸಿ ತೋಟದ ಈಗಿನ ರೂಢಿ ಎಡವುತ್ತಿರುವುದು ಅಲ್ಲಿಯೇ.

ಕೋಲಾರದ ರೈತ ಒಂದು ಎಕರೆಯಲ್ಲಿ ಸಾವಿರಾರು ಗಿಡ ನೋಡಿಕೊಳ್ಳಬೇಕು. ಪ್ರತಿ ಎಲೆಯನ್ನೂ ಮಗುಚಿ ನೋಡುವುದು ಆಗದ ಮಾತು. ಹಾಗಾಗಿ ದಿನ ಲೆಕ್ಕ ಹಾಕಿ ಔಷಧಿ ಹೊಡೆಯುವ ಒತ್ತಡ ಅವನ ಮೇಲಿದೆ. ತಾರಸಿಯಲ್ಲಿ ಇರುವುದು ಎಂಟೋ ಹತ್ತೋ ಕುಂಡ. ಕಾಫಿ ಕುಡಿಯುತ್ತಲೇ ಎಲ್ಲ ಗಿಡಗಳನ್ನೂ ತಪಾಸಣೆ ಮಾಡಿ ಮುಗಿಸಬಹುದು. ಮನೆ ತೋಟಕ್ಕಿರುವ ದೊಡ್ಡ ಅನುಕೂಲ ಇದು. ಅದನ್ನು ಬಿಟ್ಟು ಮನೆಯವರೂ ಹೊಲದ ಅಭ್ಯಾಸವನ್ನೇ ನಕಲು ಮಾಡುತ್ತಿದ್ದಾರೆ: ಭಾನುವಾರ ಬಂತೆಂದರೆ ಬೇವಿನೆಣ್ಣೆ, ಮುಂದಿನ ವಾರ ಹುಳಿ ಮಜ್ಜಿಗೆ, ಅದರ ಮುಂದಿನ ವಾರ ಬೆಳ್ಳುಳ್ಳಿ-ಮೆಣಸಿನಕಾಯಿ ಕಷಾಯ. ಬಂದಿರುವ ಹುಳು ಯಾವುದೆಂದು ಯಾರೂ ಕೇಳುವುದಿಲ್ಲ.

ಬೇವಿನೆಣ್ಣೆ ಕೆಲಸ ಮಾಡುವುದಿಲ್ಲವೆಂದಲ್ಲ. ಅದರಲ್ಲಿರುವ ಅಜಾಡಿರಾಕ್ಟಿನ್ ಹುಳುವಿನ ಹಸಿವು ಕೆಡಿಸುತ್ತದೆ, ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಆದರೆ ಹೊಡೆದ ಕೂಡಲೇ ಹುಳು ಸತ್ತು ಬೀಳುವುದಿಲ್ಲ. ಬಿಸಿಲಿಗೆ ಅದರ ಸತ್ವ ಬೇಗ ಹೋಗುತ್ತದೆ. ಅದಕ್ಕೇ ಸಂಜೆ ಹೊಡೆಯಬೇಕು, ಎಲೆಯ ಅಡಿಭಾಗಕ್ಕೆ ತಗುಲಬೇಕು. ಎಣ್ಣೆ ನೀರಿನಲ್ಲಿ ಬೆರೆಯಲು ಸೋಪು ಬೇಕೆಂದು ಪಾತ್ರೆ ತೊಳೆಯುವ ದ್ರಾವಣವನ್ನು ಕೈಗೆ ಬಂದಷ್ಟು ಸುರಿದರೆ ಎಲೆಯ ಅಂಚು ಸುಟ್ಟು ಕಂದಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಿದ್ಧಪಡಿಸಿರುವ ಬೇವಿನ ಸೋಪು, ಹೊಂಗೆ ಸೋಪುಗಳು ಈ ತೊಂದರೆಯನ್ನು ತಪ್ಪಿಸುತ್ತವೆ.

ಚೆಂಡು ಹೂವಿನ ಕಥೆ ಇನ್ನೂ ಗಂಭೀರ. ಅದರ ವಾಸನೆಗೆ ಹುಳುಗಳು ಓಡಿಹೋಗುತ್ತವೆಂದು ನಂಬಿ ಟೊಮೆಟೊ ಪಕ್ಕ ಒಂದು ಕುಂಡ ಇಟ್ಟು ನಿಶ್ಚಿಂತರಾಗುವವರಿದ್ದಾರೆ. ಕಾಯಿಕೊರಕದ ವಿಷಯದಲ್ಲಿ ನಡೆಯುವುದು ತದ್ವಿರುದ್ಧ. ಅದರ ಪತಂಗವನ್ನು ಚೆಂಡು ಹೂವು ಓಡಿಸುವುದಿಲ್ಲ, ಕರೆಯುತ್ತದೆ. ಟೊಮೆಟೊದ ಬದಲು ಆ ಮೊಗ್ಗುಗಳ ಮೇಲೆ ಮೊಟ್ಟೆ ಇಡಲಿ ಎಂದೇ ಅದನ್ನು ಆಕರ್ಷಕ ಬೆಳೆಯಾಗಿ ನೆಡುವುದು. ಹೊಲದಲ್ಲಿ ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಚೆಂಡು ಹೂವು ಎಂಬ ಶಿಫಾರಸು ಇದೆ. ಟೊಮೆಟೊ ಸಸಿಗೆ 25 ದಿನ, ಚೆಂಡು ಹೂವಿನ ಸಸಿಗೆ 45 ದಿನ ಆಗಿರುವಾಗ ಎರಡನ್ನೂ ಒಟ್ಟಿಗೆ ನೆಡಬೇಕು. ಆಗಲೇ ಎರಡರ ಹೂ ಬಿಡುವ ಕಾಲ ಹೊಂದಿಕೊಳ್ಳುವುದು. ತಾರಸಿಯಲ್ಲಿ ಮಾಡಬೇಕಾದದ್ದು ಇಷ್ಟೇ: ಚೆಂಡು ಹೂವಿನ ಮೊಗ್ಗುಗಳನ್ನು ಬಿಡಿಸಿ ನೋಡಿ ಮೊಟ್ಟೆ, ಮರಿಹುಳುಗಳನ್ನು ತೆಗೆದುಹಾಕುವುದು. ತೆಗೆಯದಿದ್ದರೆ ಚೆಂಡು ಹೂವೇ ಹುಳುವಿನ ತವರುಮನೆಯಾಗುತ್ತದೆ. ಕಾಯಿಕೊರಕವನ್ನು ಗುರುತಿಸುವುದೇನೂ ಕಷ್ಟವಲ್ಲ. ಕಾಯಲ್ಲಿ ದುಂಡನೆಯ ತೂತು, ಸುತ್ತ ಹಿಕ್ಕೆ, ಅರ್ಧ ದೇಹ ಒಳಗೆ ಅರ್ಧ ಹೊರಗೆ ಇಟ್ಟುಕೊಂಡು ತಿನ್ನುತ್ತಿರುವ ಹುಳು. ಕೈಯಿಂದ ಎತ್ತಿ ಸೋಪಿನ ನೀರಿಗೆ ಹಾಕಿದರೆ ಕೆಲಸ ಮುಗಿಯಿತು.

ತಂಬಾಕಿನ ಕಷಾಯವನ್ನು ಮಾತ್ರ ಮನೆ ತೋಟದಿಂದ ಪೂರ್ತಿ ಹೊರಗಿಡಬೇಕು. ಸೊಪ್ಪಿನಿಂದ ಬಂದದ್ದೆಂದು ನಿಕೋಟಿನ್ ವಿಷವಲ್ಲದೆ ಹೋಗುವುದಿಲ್ಲ. ಅದು ಚರ್ಮದ ಮೂಲಕವೂ ದೇಹ ಸೇರುತ್ತದೆ. ಜೊತೆಗೆ ತಂಬಾಕಿನ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲೂ ಬದುಕಿರುತ್ತದೆ, ಟೊಮೆಟೊಗೂ ಅಂಟುತ್ತದೆ. ಮಕ್ಕಳು ಹಣ್ಣು ಕಿತ್ತು ಅಲ್ಲೇ ಬಾಯಿಗೆ ಹಾಕಿಕೊಳ್ಳುವ ಜಾಗದಲ್ಲಿ ಇದನ್ನು ‘ಸಾವಯವ’ ಎಂದು ಹೇಳಿಕೊಡುವುದು ಬೇಜವಾಬ್ದಾರಿ.

ಎಲೆ ಮುಟುರು ರೋಗದ ಮುಂದೆ ಎಲ್ಲ ಕಷಾಯಗಳೂ ಸೋಲುತ್ತವೆ. ಈ ವೈರಸ್ ರೋಗವನ್ನು ಹರಡುವುದು ಬಿಳಿ ನೊಣ. ಬೆಳಿಗ್ಗೆ ಎಲೆಯನ್ನು ಮೆಲ್ಲನೆ ಅಲುಗಿಸಿದರೆ ಸುಣ್ಣದ ಪುಡಿ ಎರಚಿದಂತೆ ಮೇಲೆದ್ದು, ಕ್ಷಣದಲ್ಲೇ ಮತ್ತೆ ಎಲೆಯಡಿ ಕೂರುತ್ತದೆ. ವೈರಸ್ ಒಳಹೊಕ್ಕ ಗಿಡಕ್ಕೆ ಮದ್ದಿಲ್ಲ. ಆದರೂ ಮುದುಡಿದ ಗಿಡವನ್ನು ಕೀಳಲು ಮನಸ್ಸು ಬಾರದೆ ವಾರಗಟ್ಟಲೆ ಉಪಚಾರ ಮಾಡುತ್ತಾರೆ. ಅಷ್ಟರಲ್ಲಿ ಪಕ್ಕದ ಕುಂಡಗಳಿಗೂ ರೋಗ ಹಬ್ಬಿರುತ್ತದೆ. ಸಸಿ ಎಳೆಯದಾಗಿರುವಾಗ ಸಣ್ಣ ಕಣ್ಣಿನ ನೈಲಾನ್ ಬಲೆ ಹೊದಿಸುವುದು, ಹಳದಿ ಅಂಟುಪಟ್ಟಿ ಕಟ್ಟುವುದು, ರೋಗ ಕಂಡ ಗಿಡವನ್ನು ಅಂದೇ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯುವುದು, ಇವು ಫಲ ಕೊಡುವ ಕ್ರಮಗಳು. ಇವೆಲ್ಲಕ್ಕೂ ಮೊದಲು ಬರಬೇಕಾದದ್ದು ತಳಿಯ ಆಯ್ಕೆ. ಹೆಸರಘಟ್ಟದ ಅರ್ಕಾ ರಕ್ಷಕ್ ತಳಿ ಎಲೆ ಮುಟುರು, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಬೆಂಗಳೂರಿನ ಮಗ್ಗುಲಲ್ಲೇ ಇಂಥ ತಳಿ ಇರುವಾಗ ಅಡುಗೆಗೆ ತಂದ ಹಣ್ಣಿನ ಬೀಜವನ್ನೇ ಬಿತ್ತಿ, ಆಮೇಲೆ ರೋಗದ ಜೊತೆ ಗುದ್ದಾಡುವುದು ವ್ಯರ್ಥ ಶ್ರಮ.

ಹುಳುವೇ ಇಲ್ಲದ ಕಡೆಯೂ ಔಷಧಿ ಬೀಳುತ್ತದೆ. ಕಾಯಿಯ ತಳ ಕಪ್ಪಾಗಿ ಒಳಗಿಳಿದರೆ ಅದು ಕೀಟದ ಕೆಲಸವಲ್ಲ. ಎರಡು ದಿನ ಒಣಗಿಸಿ ಮೂರನೇ ದಿನ ಕುಂಡ ತುಂಬ ನೀರು ಸುರಿದರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪುವುದಿಲ್ಲ, ಆಗ ಹೀಗಾಗುತ್ತದೆ. ಇದಕ್ಕೆಂದು ಹಾಕುವ ಮೊಟ್ಟೆ ಸಿಪ್ಪೆ ಮಣ್ಣಿನಲ್ಲಿ ಕರಗಲು ತಿಂಗಳುಗಳೇ ಬೇಕು, ಆ ಬೆಳೆಗೆ ಅದರಿಂದ ಪ್ರಯೋಜನವಾಗದು. ದಿನವೂ ಹದವಾಗಿ ನೀರು ಕೊಡುವುದೇ ಪರಿಹಾರ. ಇನ್ನು ಬೇಸಿಗೆಯಲ್ಲಿ ಹೂ ಉದುರುವುದಕ್ಕೆ ಹೆಚ್ಚಾಗಿ ಕಾರಣ ಕಾಂಕ್ರೀಟಿನ ಕಾವು. ಅದಕ್ಕೂ ಹುಳುವನ್ನೇ ದೂರಬಾರದು.

ಒಟ್ಟಿನಲ್ಲಿ ಮನೆಯ ಟೊಮೆಟೊ ಕೈಬಿಡಬೇಕಾದ ಹವ್ಯಾಸ ಖಂಡಿತ ಅಲ್ಲ. ಬದಲಾಗಬೇಕಾದದ್ದು ಕಲಿಸುವ ಕ್ರಮ. ತಾರಸಿ ತೋಟದ ತರಬೇತಿ ನಡೆಸುವವರು ಮೊದಲ ದಿನವೇ ಕಷಾಯಗಳ ಅಳತೆ ಬರೆಸುವುದನ್ನು ಬಿಟ್ಟು, ಒಂದು ಭೂತಗನ್ನಡಿ ಕೈಗೆ ಕೊಡಲಿ. ಬಿಳಿ ನೊಣ, ಹಿಟ್ಟು ತಿಗಣೆ, ರಂಗೋಲಿ ಹುಳು, ಕಾಯಿಕೊರಕ, ಜೊತೆಗೆ ಇವುಗಳಲ್ಲಿ ಕೆಲವನ್ನು ತಿಂದು ಗಿಡ ಕಾಯುವ ಗುಲಗಂಜಿ ಹುಳು: ಈ ಐದನ್ನು ಗುರುತು ಹಿಡಿಯಲು ಬಂದ ಮೇಲೆ ಬೇವಿನೆಣ್ಣೆಯ ಬಾಟಲಿ ತೆರೆಯಲಿ.