ಲೊರೇನ್ ಮೋಟೆಲ್: ಕಟ್ಟಡವೂ ಅದರ ಸಂರಕ್ಷಣೆಯೂ

ವಾಸ್ತುವಿಮರ್ಶೆಯು ಸಾಮಾನ್ಯವಾಗಿ ದೇವಾಲಯ, ಅರಮನೆ, ಕೋಟೆ ಮೊದಲಾದ ಘನವಾದ ರಚನೆಗಳನ್ನೇ ಅರಸುವುದು. ದಾರಿಗರ ಒಂದಿರುಳಿನ ಬಿಡಾರಕ್ಕಾಗಿ ಮಿತವ್ಯಯದಲ್ಲಿ ಎದ್ದ ಕಟ್ಟಡಗಳು ಅದರ ದೃಷ್ಟಿಗೆ ಬೀಳುವುದು ಅಪೂರ್ವ. ಆದರೂ ಜನಜೀವನದ ಚರಿತ್ರೆಯು ಇಂತಹ ಕಟ್ಟಡಗಳ ವಿನ್ಯಾಸದಲ್ಲಿಯೇ ಸ್ಫುಟವಾಗಿ ಮೂಡಿರುವುದುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಟೆನೆಸೀ ಪ್ರಾಂತಕ್ಕೆ ಸೇರಿದ ಮೆಂಫಿಸ್ ನಗರದ ಲೊರೇನ್ ಮೋಟೆಲ್ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಮೋಟಾರು, ಹೋಟೆಲು ಎಂಬೆರಡು ಪದಗಳನ್ನು ಬೆಸೆದು ‘ಮೋಟೆಲ್’ ಎಂಬ ಹೆಸರನ್ನು ಬಳಕೆಗೆ ತಂದವನು ಆರ್ಥರ್ ಹೈನ್‌ಮನ್ ಎಂಬ ವಾಸ್ತುಶಿಲ್ಪಿ. ಅವನು ಕ್ಯಾಲಿಫೋರ್ನಿಯದ ಸ್ಯಾನ್ ಲೂಯಿ ಒಬಿಸ್ಪೊದಲ್ಲಿ ನಿರ್ಮಿಸಿದ ತಂಗುಮನೆಯು ೧೯೨೫ನೆಯ ಡಿಸೆಂಬರಿನಲ್ಲಿ ತೆರೆಯಿತು. ಹೋಟೆಲಿನಲ್ಲಿ ಪ್ರವಾಸಿಯು ಹಜಾರವನ್ನು ಹೊಕ್ಕು, ಗುಮಾಸ್ತನ ಕಣ್ಣಿಗೆ ಬಿದ್ದು, ಒಳದಾರಿಯಿಂದ ಕೋಣೆಗೆ ಹೋಗಬೇಕು. ಮೋಟೆಲಿನಲ್ಲಿಯಾದರೋ ವಾಹನವು ಅಂಗಳದಲ್ಲಿ ನಿಲ್ಲುವುದು; ಕೋಣೆಯ ಬಾಗಿಲು ಬಯಲಿಗೆ ತೆರೆಯುವುದು; ಮಹಡಿಯಿದ್ದರೆ ಹೊರಗಣ ಮೊಗಸಾಲೆಯೇ ನಡೆಯುವ ದಾರಿಯಾಗುವುದು. ಒಳಸಾಲೆಯ ವೆಚ್ಚವನ್ನು ಉಳಿಸುವ ಈ ಉಪಾಯವೇ ಮೋಟೆಲಿನ ಮುಖ್ಯ ಲಕ್ಷಣವಾಯಿತು.

ಲೊರೇನ್ ಎರಡೂ ಬಗೆಗಳನ್ನು ತನ್ನಲ್ಲಿ ಅಡಗಿಸಿಕೊಂಡಿದೆ. ಮಲ್ಬರಿ ಬೀದಿಯ ಈ ಕಟ್ಟಡವು ಸುಮಾರು ೧೯೨೫ರಲ್ಲಿ ೧೬ ಕೋಣೆಗಳ ವಿಂಡ್ಸರ್ ಹೋಟೆಲಾಗಿ, ಬಿಳಿಯರಿಗೆ ಮಾತ್ರ ಮೀಸಲಾಗಿ ಆರಂಭವಾಯಿತು. ೧೯೪೫ರಲ್ಲಿ ಕಪ್ಪುಜನಾಂಗದ ವಾಲ್ಟರ್ ಬೇಲಿ ಅದನ್ನು ಕೊಂಡು, ತನ್ನ ಹೆಂಡತಿ ಲೋರಿಯ ಹೆಸರನ್ನೂ ‘ಸ್ವೀಟ್ ಲೊರೇನ್’ ಎಂಬ ಹಾಡನ್ನೂ ನೆನೆದು ಲೊರೇನ್ ಎಂದು ಕರೆದನು. ಅನಂತರ ವಾಹನಗಳು ಬಾಗಿಲಿನವರೆಗೂ ಬರುವಂತಹ ಕೋಣೆಗಳನ್ನೂ, ಮಹಡಿಯನ್ನೂ, ಈಜುಕೊಳವನ್ನೂ ಕೂಡಿಸಿ ಅದನ್ನು ಮೋಟೆಲನ್ನಾಗಿ ಮಾರ್ಪಡಿಸಿದನು.

ಈ ಮಾರ್ಪಾಟಿನ ಮಹತ್ವವನ್ನು ತಿಳಿಯಲು ಆ ಕಾಲದ ದಾರಿಗಳ ಸ್ಥಿತಿಯನ್ನು ನೆನೆಯಬೇಕು. ಕಪ್ಪುಜನರಿಗೆ ಅನ್ನ, ಹಾಸಿಗೆಗಳು ದೊರೆಯುವ ಸ್ಥಳಗಳನ್ನು ಹೇಳಲೆಂದೇ ನ್ಯೂಯಾರ್ಕಿನ ಅಂಚೆಯವನಾದ ವಿಕ್ಟರ್ ಹ್ಯೂಗೊ ಗ್ರೀನ್ ೧೯೩೬ರಲ್ಲಿ ಒಂದು ಕೈಪಿಡಿಯನ್ನು ಆರಂಭಿಸಿದ್ದನು. ಲೊರೇನ್ ಅದರಲ್ಲಿ ಸೇರಿದ್ದಿತು. ಸ್ಟಾಕ್ಸ್ ಎಂಬ ಧ್ವನಿಮುದ್ರಣ ಸಂಸ್ಥೆಯ ಗಾಯಕವಾದಕರು ಇಲ್ಲಿ ತಂಗುತ್ತಿದ್ದರು. ಕಪ್ಪುಜನಾಂಗದ ವಿಲ್ಸನ್ ಪಿಕೆಟ್ ಮತ್ತು ಬಿಳಿಯನಾದ ಸ್ಟೀವ್ ಕ್ರಾಪರ್ ಜೊತೆಗೂಡಿ ೧೯೬೫ರಲ್ಲಿ ಇಲ್ಲಿಯೇ ಹಾಡು ಕಟ್ಟಿದರು. ೧೯೬೪ರ ಪೌರಹಕ್ಕಿನ ಶಾಸನವು ತಂಗುಮನೆಗಳಲ್ಲಿ ವರ್ಣಭೇದವನ್ನು ನಿಷೇಧಿಸಿತು. ಅದನ್ನು ಪ್ರಶ್ನಿಸಿದ ಅಟ್ಲಾಂಟದ ಒಂದು ಮೋಟೆಲಿನ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಡಿಸೆಂಬರಿನಲ್ಲಿ ಶಾಸನವನ್ನು ಎತ್ತಿಹಿಡಿಯಿತು. ಎಲ್ಲ ಬಾಗಿಲುಗಳೂ ತೆರೆದಾಗ, ಮುಂಚಿನಿಂದಲೂ ತೆರೆದಿದ್ದ ಬಾಗಿಲುಗಳಿಗೆ ಬರುವವರು ಕಡಿಮೆಯಾದರೆಂಬುದು ಈ ವಿಜಯದ ವಿಷಾದಕರವಾದ ಮತ್ತೊಂದು ಮುಖ.

೧೯೬೮ನೆಯ ಏಪ್ರಿಲ್ ೪ರಂದು ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿ ಹತನಾದನು. ನಗರದ ಕಸ ಸಾಗಿಸುವ ಸುಮಾರು ೧,೩೦೦ ಕೆಲಸಗಾರರ ಮುಷ್ಕರಕ್ಕೆ ಬೆಂಬಲವಾಗಿ ಬಂದಿದ್ದ ಅವನು ಸಂಜೆ ಆರು ಗಂಟೆಗೆ ೩೦೬ನೆಯ ಕೋಣೆಯ ಮುಂದಣ ಮೊಗಸಾಲೆಯಲ್ಲಿ ನಿಂತು, ಕೆಳಗೆ ಅಂಗಳದಲ್ಲಿದ್ದವರೊಡನೆ ಮಾತನಾಡುತ್ತಿದ್ದನು. ಮೇಲಿನವನೂ ಕೆಳಗಿನವರೂ ಮುಖ ನೋಡಿ ಮಾತನಾಡುವಂತೆ ಮಾಡಿದ್ದುದು ಆ ತೆರೆದ ವಿನ್ಯಾಸವೇ. ಎದುರಿನ ಬಾಡಿಗೆ ಮನೆಯಿಂದ ಗುಂಡಿಗೆ ಗುರಿ ದೊರಕಿಸಿದ್ದೂ ಅದೇ. ಅಂದೇ ಲೋರಿ ಬೇಲಿ ಮೆದುಳಿನ ಆಘಾತಕ್ಕೆ ತುತ್ತಾಗಿ, ಕಿಂಗನ ಅಂತ್ಯಕ್ರಿಯೆ ನಡೆದ ಏಪ್ರಿಲ್ ೯ರಂದು ತೀರಿಕೊಂಡಳು. ವಾಲ್ಟರ್ ಬೇಲಿ ೩೦೬ನೆಯ ಕೋಣೆಯನ್ನು ಮತ್ತಾರಿಗೂ ಬಾಡಿಗೆಗೆ ಕೊಡದೆ ಸ್ಮಾರಕವಾಗಿ ಉಳಿಸಿ, ಉಳಿದ ಕೋಣೆಗಳಲ್ಲಿ ಉದ್ಯಮವನ್ನು ಮುಂದುವರಿಸಿದನು.

ಸಾಲದ ಹೊರೆಯಿಂದ ೧೯೮೨ರಲ್ಲಿ ಹರಾಜಾದ ಕಟ್ಟಡವನ್ನು ಒಂದು ಸ್ಮಾರಕಸಂಸ್ಥೆಯು ೧,೪೪,೦೦೦ ಡಾಲರುಗಳಿಗೆ ಕೊಂಡಿತು. ೧೯೮೮ರಲ್ಲಿ ಮೋಟೆಲು ಮುಚ್ಚಿತು; ೧೯೯೧ರಲ್ಲಿ ಅದು ರಾಷ್ಟ್ರೀಯ ಪೌರಹಕ್ಕುಗಳ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಹೊರನೋಟದ ಸಂರಕ್ಷಣೆಯಲ್ಲಿ ತೋರಿದ ಸಂಯಮವು ಶ್ಲಾಘ್ಯವಾದುದು. ಹೆಸರಿನ ಫಲಕ, ಸಾಲುಬಾಗಿಲುಗಳು, ಕಟಾಂಜನ ಇವುಗಳನ್ನು ಇದ್ದಂತೆಯೇ ಬಿಟ್ಟು, ಒಂದು ಹೂವಿನ ಬಳೆಯಿಂದ ಮಾತ್ರ ಸ್ಥಳವನ್ನು ಗುರುತಿಸಿರುವುದು. ಅಮೃತಶಿಲೆಯ ಮಂಟಪವೊಂದನ್ನು ಎಬ್ಬಿಸಿದ್ದರೆ ಇಷ್ಟು ಗಾಂಭೀರ್ಯವು ಬರುತ್ತಿರಲಿಲ್ಲ.

ಆದರೆ ಒಳಭಾಗದ ವಿಷಯದಲ್ಲಿ ಈ ಪ್ರಶಂಸೆ ಸಲ್ಲದು. ೩೦೬, ೩೦೭ನೆಯ ಕೋಣೆಗಳನ್ನುಳಿದು ಮಿಕ್ಕವು ಪ್ರದರ್ಶನಶಾಲೆಗಳಿಗೆ ಎಡೆಗೊಟ್ಟಿವೆ. ನೋಡಬಂದವರು ಒಳದಾರಿಯಿಂದ ಸಾಗಿ, ಕೊನೆಗೆ ಗಾಜಿನಾಚೆ ಆ ಕೋಣೆಯನ್ನು ಕಾಣುವರು. ಅಂಗಳದಿಂದ ನೇರವಾಗಿ ಕೋಣೆಗೆ ಹೋಗುವುದೇ ಮೋಟೆಲಿನ ಧರ್ಮ. ಅದು ಇಲ್ಲಿ ತಲೆಕೆಳಗಾಗಿದೆ. ಕಟ್ಟಡವು ಒಂದು ಮರಣದ ಮುಖಪರದೆಯಾಗಿ ಉಳಿಯಿತು. ಇಪ್ಪತ್ತು ವರ್ಷಗಳಿಗೂ ಮಿಕ್ಕು ದಂಪತಿಗಳು ನಡೆಸಿದ ಆತಿಥ್ಯದ ಸಾಕ್ಷ್ಯವು ಗೋಡೆಗಳೊಡನೆ ಅಳಿಯಿತು. ಚರಿತ್ರೆಯನ್ನು ವಿಸ್ತಾರವಾಗಿ ಬೋಧಿಸಲು ಸ್ಥಳ ಬೇಕಾಗಿತ್ತೆಂಬ ಸಮಾಧಾನವು ನಿರಾಧಾರವಾದುದಲ್ಲ. ಆದರೆ ಅದಕ್ಕೆ ನೆರೆಯಲ್ಲಿ ಹೊಸ ಕಟ್ಟಡ ಸಾಕಾಗುತ್ತಿತ್ತು. ೧೯೮೮ರಲ್ಲಿ ಹೊರಹಾಕಲ್ಪಟ್ಟ ಕೊನೆಯ ನಿವಾಸಿಯು, ಬಡವರಿಗೆ ವಸತಿ ಕೊಡುವುದೇ ಕಿಂಗನಿಗೆ ತಕ್ಕ ಸ್ಮಾರಕವೆಂದು ಸಾರುತ್ತ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಎದುರುಬೀದಿಯಲ್ಲಿ ಪ್ರತಿಭಟಿಸಿದುದನ್ನೂ ಕೇವಲ ಹಟವೆಂದು ತಳ್ಳಿಹಾಕಲಾಗದು.

ಕಟ್ಟಡವೊಂದು ಕೀರ್ತಿಯನ್ನು ಪಡೆಯುವುದು ಒಂದು ಗಳಿಗೆಯಿಂದಿರಬಹುದು. ಅದು ಕಟ್ಟಡವಾಗಿರುವುದು ಅದರ ನಿತ್ಯದ ಉಪಯೋಗದಿಂದ. ಕಿಂಗನು ಲೊರೇನಿಗೆ ಬಂದುದೂ ಅದು ಬಹುಕಾಲದಿಂದ ಅವನ ಜನಕ್ಕೆ ಬಾಗಿಲು ತೆರೆದಿದ್ದ ಮನೆಯಾದುದರಿಂದಲೇ. ಆ ಬಾಗಿಲುಗಳ ಹಿಂದೆ ಇನ್ನೂ ನಾಲ್ಕಾರು ಕೋಣೆಗಳಾದರೂ ಉಳಿದಿದ್ದರೆ, ಸತ್ತವನ ನೆನಪಿನೊಡನೆ ಅವನಿಗೆ ನೆಲೆಯಿತ್ತವರ ನೆನಪೂ ಸ್ಥಿರವಾಗುತ್ತಿತ್ತು.